ಕಾಕಿಯ ದನಿಗೆ ಹೊಸ ಇಮೇಜು

ಕಪ್ಪು ಪರದೆಯ ಮುಂದೆ ಸುಮ್ಮನೆ ಕೂರುವುದು ನನ್ನ ಹವ್ಯಾಸ ಎಂದರೆ ಯಾರೂ ನಂಬುವುದಿಲ್ಲ. ಗೋಕಾಕದ ನಮ್ಮ ಮನೆಯಲ್ಲಿ ಅವ್ವ ಅದನ್ನು ಬಂದವರೆದುರು ಬೇರೆ ಥರ ಹೇಳುತ್ತಾಳೆ: "ನಮ್ಮ ದೀಪಾ ಏನೋ ಕಂಪ್ಯೂಟರ್ ಕೋರ್ಸ್ ಮಾಡಾಕತ್ತಾಳ್ರಿ." ಕೋರ್ಸೂ ಅಲ್ಲ, ಪಗಾರವೂ ಇಲ್ಲ. ಅಂಗೈಯಗಲದ, ಮೈಮೇಲೆ ಅಂಗಿಯಿಲ್ಲದ ಹಸಿರು ಹಲಗೆಯಂಥ ಪುಟ್ಟ ಕಂಪ್ಯೂಟರೊಂದು ನನ್ನ ಬಳಿ ಇದೆ. ಅದಕ್ಕೆ ಜೀವ ಕೊಡುವ ಲಿನಕ್ಸ್ ಎಂಬ ವ್ಯವಸ್ಥೆಯನ್ನು ಜಗತ್ತಿನ ಯಾರು ಯಾರೋ ಸೇರಿ ಕಟ್ಟಿ ಪುಕ್ಕಟೆ ಹಂಚುತ್ತಾರೆ. ಹೊಸದು ಸಿದ್ಧವಾದಾಗ, ಎಲ್ಲರಿಗೂ ಬಡಿಸುವ ಮೊದಲು, ನನ್ನಂಥ ಕೆಲವರಿಗೆ ಕೊಟ್ಟು ಹೇಗಿದೆ ನೋಡಿ ಎನ್ನುತ್ತಾರೆ. ಮಠದ ದಾಸೋಹದಲ್ಲಿ ದೊಡ್ಡ ಕಡಾಯಿಯ ಪಕ್ಕ ನಿಂತು, ಅಂಗೈಗೆ ಒಂದಿಷ್ಟು ಸಾರು ಹಾಕಿಸಿಕೊಂಡು, "ಉಪ್ಪು ಕಡಿಮಿ ಆಗೇತಿ" ಎಂದು ಹೇಳಿ ಹೋಗುವ ಒಬ್ಬರು ಇರುತ್ತಾರಲ್ಲ, ಅವರೇ ನಾನು. ಅಡುಗೆ ನನ್ನದಲ್ಲ, ಊಟವೂ ನನ್ನದಲ್ಲ, ಉಪ್ಪು ಮಾತ್ರ ನನ್ನ ಜವಾಬ್ದಾರಿ.

ಈ ಜವಾಬ್ದಾರಿಯನ್ನು ನಾನು ದಿನಚರಿಯಲ್ಲಿ ಬರೆದಿಡುತ್ತೇನೆ. ಯಾವ ವಾರ, ಯಾವ ಮೆಮೊರಿ ಕಾರ್ಡು, ಎದ್ದಿತೋ ಬಿದ್ದಿತೋ. ನಾಲ್ಕು ಗೀಟು ಎಳೆದು ಐದನೆಯದನ್ನು ಅಡ್ಡ ಹಾಕುವ ಸುಖ ನನಗೆ ಬಾಲ್ಯದಿಂದಲೂ ಇದೆ. ಮೊನ್ನೆ ಮೊನ್ನೆಯವರೆಗೂ ಈ ಗೀಟುಗಳಿಂದ ಯಾರ ಕೂದಲೂ ಕೊಂಕುವಂತಿರಲಿಲ್ಲ. ನಮ್ಮ ಕಾಕಿಯ, ಅಂದರೆ ಚಿಕ್ಕಮ್ಮನ, ಗಂಟಲು ನಡುವೆ ಬಂದದ್ದರಿಂದ ಕಥೆ ಬದಲಾಯಿತು.

ಕಲ್ಲೋಳಿಯಲ್ಲಿ ನಮ್ಮ ಕಾಕಾನ ಹಿಟ್ಟಿನ ಗಿರಣಿ ಇದೆ, ಊರ ಅಂಚಿನಲ್ಲಿ, ಅವರ ಮನೆಯ ಪಡಸಾಲೆಯಲ್ಲೇ. ಮನೆಯ ದೀಪ ಉರಿಯುವ ಕರೆಂಟು ಸದಾ ಇರುತ್ತದೆ. ಆದರೆ ಗಿರಣಿಯ ಮೋಟಾರು ತಿರುಗಲು ಬೇಕಾದ ತ್ರೀ ಫೇಜ್ ಹೊಲದ ಲೈನಿನದು. ಅದು ಬರುವ ಹೊತ್ತು ಅದಕ್ಕೊಂದಕ್ಕೇ ಗೊತ್ತು. ಬಂದ ಕೂಡಲೇ ಕಾಕಿ ಬಾಗಿಲಿಗೆ ನಿಂತು ಒಂದು ಕೂಗು ಹಾಕುತ್ತಿದ್ದಳು. ಆ ಕೂಗಿಗೆ ಓಣಿಯ ಹೆಂಗಸರೆಲ್ಲ ಜೋಳದ ಡಬ್ಬಿ ಹೊತ್ತು ಬರುತ್ತಿದ್ದರು. ವಾಟ್ಸಾಪ್ ಗುಂಪು ಮಾಡಿ ನೋಡಿದ್ದಾಯಿತು. "ಕರೆಂಟ್ ಬಂತು" ಎಂಬ ಮಾತು ಗುಲಾಬಿ ಹೂವಿನ ಶುಭೋದಯಗಳ ಕೆಳಗೆ ಸಿಕ್ಕಿ ಉಸಿರುಗಟ್ಟಿ ಸತ್ತಿತು.

ಹೋದ ವರ್ಷ ಕಾಕಿಯ ದನಿ ಒಡೆಯತೊಡಗಿದಾಗ ನಾನು ಆ ಪುಟ್ಟ ಕಂಪ್ಯೂಟರನ್ನು ಗಿರಣಿಯ ಗೋಡೆಗೆ ಹಾಕಿದೆ. ತ್ರೀ ಫೇಜ್ ಬಂದದ್ದನ್ನು ಅದು ತಿಳಿದುಕೊಂಡು, ಮೊದಲೇ ರೆಕಾರ್ಡ್ ಮಾಡಿಟ್ಟ ಕಾಕಿಯ ಕೂಗನ್ನು ಸ್ಪೀಕರಿನಿಂದ ಹೊರಡಿಸುತ್ತಿತ್ತು. ರೆಕಾರ್ಡ್ ಮಾಡುವಾಗ ಒಂದು ಎಡವಟ್ಟಾಯಿತು. "ಕರೆಂಟ್ ಬಂದೈತಿ, ಜೋಳ ತಗೊಂಡ ಬರ್ರೆವಾ!" ಎಂದು ಕಾಕಿ ಮುಗಿಸುವಷ್ಟರಲ್ಲಿ ಎದುರು ಮನೆಯ ಗಂಗವ್ವ ಕಣ್ಣಿಗೆ ಬಿದ್ದಳು. ಕಾಕಿ ಅದೇ ಉಸಿರಿನಲ್ಲಿ, "ಏ ಗಂಗವ್ವಾ, ಹ್ವಾದ ಸಲ ಯಾರ ಡಬ್ಬಿ ಒಯ್ದೀ ನೋಡ ಮೊದಲ!" ಎಂದುಬಿಟ್ಟಳು. ಅದೂ ರೆಕಾರ್ಡ್ ಆಯಿತು. ಕತ್ತರಿಸುತ್ತೇನೆ ಎಂದು ನಾನು ಹೇಳಿದಾಗ ತಡೆದವಳು ಗಂಗವ್ವನೇ. "ಇರಲಿ ಬಿಡ. ಓಣ್ಯಾಗ ಇಷ್ಟ ಮಂದಿ ಅದಾರ, ಬ್ಯಾರೆ ಯಾರ ಹೆಸರರೆ ಮಷೀನ್ ಹೇಳತೈತೇನ?"

ಹೀಗೆ ಚೆನ್ನಾಗಿಯೇ ನಡೆದಿತ್ತು. ಈ ಬೇಸಿಗೆಯಲ್ಲಿ ಎರಡು ಗಂಟಲು ಒಟ್ಟಿಗೇ ಕೆಟ್ಟವು. ಗೋಕಾಕದ ಡಾಕ್ಟರು ಕಾಕಿಯ ಗಂಟಲೊಳಗೆ ಬೆಳಕು ಬಿಟ್ಟು ನೋಡಿ, "ಬಾವು ಐತ್ರಿ. ಒಂದು ತಿಂಗಳು ಮಾತು ಬಂದ್. ಪಿಸುಮಾತೂ ಬ್ಯಾಡ. ಒದರಿದ್ರಿ ಅಂದ್ರ ಆಪರೇಷನ್ ಮಾಡಬೇಕಾಗತೈತಿ" ಎಂದರು. ಅದೇ ವಾರ ಗೋಡೆಯ ಕಂಪ್ಯೂಟರು ತೊದಲತೊಡಗಿತು. "ಕರೆಂ, ಕರೆಂ, ಕರೆಂ" ಎಂದು ಎರಡು ದಿನ ಬಿಕ್ಕಿ ಸುಮ್ಮನಾಯಿತು.

ಈಗ ಕೂಗುವವರು ಯಾರು? ಕಾಕಾ ಪ್ರಯತ್ನಿಸಿದ. ಕಾಕಾ ಬಹಳ ಒಳ್ಳೆಯವನು, ಆದರೆ ಅವನು "ಕರೆಂಟ್ ಬಂದೈತ್ರಿ" ಎಂದರೆ ಯಾರದೋ ಮನೆಯ ಗುಟ್ಟು ಹೇಳಿದ ಹಾಗಿರುತ್ತದೆ. ಗುಬ್ಬಿಯೂ ಹಾರಲಿಲ್ಲ. ಮರುದಿನ ಮೋಟಾರು ಖಾಲಿ ತಿರುಗುವುದನ್ನು ನೋಡಲಾಗದೆ ಕಾಕಿ ಬಾಗಿಲಿಗೆ ಬಂದು ಒಂದೇ ಒಂದು ಸಲ ಕೂಗಿದಳಂತೆ. ಅದರ ಮರುದಿನವೂ ಒಂದೇ ಒಂದು ಸಲ. ಕಾಕಾ ಫೋನಿನಲ್ಲಿ ಇದನ್ನು ನನಗೆ ತಿಳಿಸಿದಾಗ ನಾನು ದಿನಚರಿಯಲ್ಲಿ ಹೊಸ ಕಾಲಮ್ಮು ತೆರೆದೆ: ಕಾಕಿ ಕೂಗಿದ್ದು. ಶುಕ್ರವಾರದ ಹೊತ್ತಿಗೆ ಅಡ್ಡಗೀಟು ಬಿತ್ತು. ಜೀವನದಲ್ಲಿ ಮೊದಲ ಬಾರಿ ಅಡ್ಡಗೀಟು ಎಳೆದು ನನಗೆ ಸುಖವಾಗಲಿಲ್ಲ.

ಇಂಥ ಹೊತ್ತಿನಲ್ಲಿ ಹೊಸ ಲಿನಕ್ಸ್ ಪರೀಕ್ಷೆಗೆ ಬಂತು. ಧ್ವನಿಯ ಭಾಗವನ್ನು ಹೊಸದಾಗಿ ಬರೆದಿದ್ದೇವೆ, ದಯವಿಟ್ಟು ನೋಡಿ ಎಂದು ಕಟ್ಟಿದವರು ಕೇಳಿಕೊಂಡಿದ್ದರು. ಭಾನುವಾರ ಬೆಳಿಗ್ಗೆ ಮೂಡಲಗಿಗೆ ಹೋಗಿ, ಗೋಡೆಯ ಕಂಪ್ಯೂಟರಿನ ಸವೆದ ಕಾರ್ಡಿನ ಬದಲಿಗೆ ಹೊಸ ಮೆಮೊರಿ ಕಾರ್ಡು ಕೊಂಡೆ. "ಖರೆ ಮಾಲ್ ಐತೇನ್ರಿ?" ಎಂದದ್ದಕ್ಕೆ ಅಂಗಡಿಯವನು, "ಅಕ್ಕಾರ, ಸುಳ್ಳ ಮಾಲ್ ಬೇಕಂದ್ರ ಅದೂ ಐತ್ರಿ" ಎಂದ. ಅವನ ಪ್ರಾಮಾಣಿಕತೆ ನೋಡಿ ಧೈರ್ಯ ಬಂತು. ಅಲ್ಲಿಂದ ಕಲ್ಲೋಳಿಯ ಬಸ್ಸು ಹಿಡಿದೆ.

ಕಾಕಿ ಕೈಯಲ್ಲಿ ಪಾಟಿ ಬಳಪ ಹಿಡಿದು ಕೂತಿದ್ದಳು. ಮಾತಿನ ಬದಲು ಈಗ ಬರವಣಿಗೆ. "ಹೊಸ ಇಮೇಜ್ ಬಂದೈತಿ ಕಾಕಿ" ಎಂದೆ. ನಮ್ಮ ಕಸುಬಿನಲ್ಲಿ ಇಡೀ ವ್ಯವಸ್ಥೆಯನ್ನು ಒಂದೇ ಗಂಟಾಗಿ ಕಟ್ಟಿದ್ದಕ್ಕೆ ಇಮೇಜ್ ಎನ್ನುತ್ತಾರೆ. ಕಾಕಿ ಬರೆದಳು: "ಯಾರ ಫೋಟೋ?"

"ಫೋಟೋ ಅಲ್ಲ ಕಾಕಿ. ಇದನ್ನ ಈ ಕಾರ್ಡಿಗೆ ಸುಡಬೇಕು."

ಕಾಕಾ ಗಾಬರಿಯಾಗಿ ಎದ್ದು ಬಂದ. "ಫೋಟೋ ಮನ್ಯಾಗ ಸುಡಬ್ಯಾಡವಾ ದೀಪಾ. ಹಿತ್ತಲಾಗರೆ ಹೋಗ." ಕಾರ್ಡಿಗೆ ಬರೆಯುವುದನ್ನು ಸುಡುವುದು ಎಂದು ಮೊದಲು ಕರೆದವರು ಮನೆಯಲ್ಲಿ ಹಿರಿಯರನ್ನು ಇಟ್ಟುಕೊಂಡಿರಲಿಕ್ಕಿಲ್ಲ.

ಗೋಡೆಯ ಕಂಪ್ಯೂಟರಿಗೆ ಕಾರ್ಡು ಹಾಕಿ, ಮನೆಯ ಟಿವಿಗೆ ವೈರು ಜೋಡಿಸಿ, ಸ್ವಿಚ್ ಒತ್ತಿದೆ. ಪರದೆ ಕಪ್ಪು. ಹೊಸ ವ್ಯವಸ್ಥೆ ಮೊದಲ ಸಲ ಏಳುವಾಗ ತಡಮಾಡುತ್ತದೆ. ಹೊಸ ಮನೆ ಹೊಕ್ಕ ಬಾಡಿಗೆದಾರರ ಹಾಗೆ ಕಾರ್ಡಿನ ಎಲ್ಲ ಕೋಣೆಗಳಿಗೂ ಒಮ್ಮೆ ಹೋಗಿ, ಕಾಲು ಚಾಚಿ, ಅಳೆದು ನೋಡಿ, ಆಮೇಲೆ ಬಾಗಿಲು ತೆರೆಯುತ್ತದೆ. ಅಷ್ಟರಲ್ಲಿ ವೈರು ಕಿತ್ತರೆ ಎಲ್ಲವೂ ಹಾಳು. ಕಾಕಿಗೆ ಈ ಮೌನ ಸಹಿಸಲಾಗಲಿಲ್ಲ. ಕೈ ಪ್ಲಗ್ಗಿನತ್ತ ಹೋಯಿತು.

"ಹೆಪ್ಪ ಹಾಕಿದ ಹಾಲ ಇದ್ದಂಗ ಕಾಕಿ. ಅಲ್ಲಾಡಸಬ್ಯಾಡ" ಎಂದೆ. ಹೆಪ್ಪು ಹಾಕುವುದನ್ನು ನನಗೆ ಕಲಿಸಿದವಳೇ ಅವಳು. ಒಂದು ನೋಟ ನೋಡಿ ಕೈ ಹಿಂದೆ ತೆಗೆದುಕೊಂಡಳು.

ಎದ್ದಿತು! ಅಕ್ಷರಗಳು ಸಾಲಾಗಿ ಇಳಿದವು, ತಪ್ಪು ಹೇಳುವ ಕೆಂಪು ಸಾಲು ಒಂದೂ ಇಲ್ಲ. ಕಾಕಿಯ ಕೂಗನ್ನು ಹಳೆಯ ಪ್ರತಿಯಿಂದ ಹೊಸ ಕಾರ್ಡಿಗೆ ಹಾಕಿ ನುಡಿಸಿದೆ. ಕಂಪ್ಯೂಟರು ನುಡಿಸುತ್ತಿದ್ದೇನೆ ಎಂದಿತು. ಸ್ಪೀಕರಿನಲ್ಲಿ ಉಸಿರೂ ಇಲ್ಲ. ತಪ್ಪಿದೆ ಎನ್ನುವ ಯಂತ್ರದ ಜೊತೆ ಜಗಳ ಆಡಬಹುದು. ಎಲ್ಲಾ ಸರಿಯಿದೆ ಎಂದು ಹೇಳಿ ಮೂಕವಾಗಿರುವ ಯಂತ್ರದ ಎದುರು ಏನು ಮಾಡುವುದು? ನನ್ನ ನಿಯಮ ಒಂದೇ: ಒಂದು ಸಲಕ್ಕೆ ಒಂದೇ ಸಂಗತಿ ಬದಲಿಸಬೇಕು, ಬದಲಿಸಿದ್ದನ್ನು ಬರೆಯಬೇಕು. ಸ್ಪೀಕರು ಬದಲಿಸಿದೆ, ಬರೆದೆ. ವೈರು ಬದಲಿಸಿದೆ, ಬರೆದೆ.

ಆಗ ಗೋಡೆಯ ಮೇಲೆ ಫೇಜಿಗೊಂದರಂತೆ ಹಾಕಿದ್ದ ಮೂರೂ ದೀಪ ಒಟ್ಟಿಗೆ ಹತ್ತಿದವು. ತ್ರೀ ಫೇಜ್.

ಕಾಕಿ ಪಾಟಿ ಕೆಳಗಿಟ್ಟಳು.

"ಬ್ಯಾಡ ಕಾಕಿ! ಡಾಕ್ಟರ್ ಏನಂದಾರ?"

ಅವಳು ಸೆರಗು ಸರಿಪಡಿಸಿಕೊಂಡು ಬಾಗಿಲಿಗೆ ನಡೆದಳು. ಕಾಕಾ ಅಡ್ಡ ನಿಂತ; ಕಾಕಾನನ್ನು ದಾಟುವುದು ಕಾಕಿಗೆ ಎಂದೂ ಕಷ್ಟವಾಗಿಲ್ಲ. ನಾನು ಸೆಟ್ಟಿಂಗುಗಳ ಪಟ್ಟಿಯನ್ನು ಮೇಲಿಂದ ಕೆಳಗೆ ಓಡಿಸಿದೆ. ಧ್ವನಿ ಎಲ್ಲಿಗೆ ಹೋಗಬೇಕು ಎಂಬಲ್ಲಿ "ಟಿವಿ" ಎಂದಿತ್ತು. ಹೊಸ ಇಮೇಜು ಪಾಪ, ದೊಡ್ಡ ಪರದೆ ಕಂಡು ಮರ್ಯಾದೆಯಿಂದ ಕೂಗನ್ನು ಅದಕ್ಕೇ ಒಪ್ಪಿಸುತ್ತಿತ್ತು. ಆ ಟಿವಿಯ ದನಿಯನ್ನು ಕಾಕಾ ಎಂದಿನಂತೆ ಸೊನ್ನೆಗೆ ಇಟ್ಟಿದ್ದ. ಕಾಕಿ ಹೊಸ್ತಿಲ ಮೇಲೆ ನಿಂತು, ಕೈಯೆತ್ತಿ, ಎದೆ ತುಂಬ ಉಸಿರು ತೆಗೆದುಕೊಂಡು, ಬಾಯಿ ತೆರೆದಳು. ನಾನು ಟಿವಿಯ ಜಾಗದಲ್ಲಿ ಸ್ಪೀಕರ್ ಎಂದು ಬದಲಿಸಿ ಗುಂಡಿ ಒತ್ತಿದೆ.

"ಕರೆಂಟ್ ಬಂದೈತಿ, ಜೋಳ ತಗೊಂಡ ಬರ್ರೆವಾ! ಏ ಗಂಗವ್ವಾ, ಹ್ವಾದ ಸಲ ಯಾರ ಡಬ್ಬಿ ಒಯ್ದೀ ನೋಡ ಮೊದಲ!"

ಕಾಕಿ ತೆರೆದ ಬಾಯಿ ತೆರೆದೇ ನಿಂತಳು. ಎದುರು ಮನೆಯಿಂದ ಗಂಗವ್ವ, ಹುಕ್ಕೇರಿಯ ತನ್ನ ತವರಿಗೂ ಕೇಳಿಸಲಿ ಎಂಬಂತೆ, "ಡಾಕ್ಟರ್ ಬಾಯಿ ಮುಚ್ಚ ಅಂದಾನ, ಇಕಿ ನೋಡ್ರೆವಾ ಹೆಂಗ ಒದರಾಕತ್ತಾಳ! ಕಣ್ಣಾರೆ ಕಂಡೇನಿ!" ಎಂದಳು. ಕಾಕಿ ಎರಡೂ ಕೈ ಆಡಿಸಿ, ಬಾಯಿ ತೋರಿಸಿ, ಗೋಡೆ ತೋರಿಸಿ, ತಾನಲ್ಲ ಎಂದು ಆಣೆ ಮಾಡಿದಳು. ಗಂಗವ್ವ ನಂಬಲಿಲ್ಲ. ನಾನು ಇನ್ನೊಂದು ಸಲ ನುಡಿಸಿದ ಮೇಲೆ, "ಹಂಗಾರ ಆರಾಮ ಆತ ಬಿಡ ಮಷೀನಿಗೆ. ಇಷ್ಟ ದಿನಾ ನನ್ನ ಬೈಯಾವರ ಇಲ್ಲದ ಬ್ಯಾಸರ ಆಗಿತ್ತ" ಎಂದು ಡಬ್ಬಿ ಹೊತ್ತು ಬಂದಳು. ಅವಳ ಹಿಂದೆ ಓಣಿ ಬಂತು.

ಮೊದಲು ಒಂದು ಕಪ್ ಚಹಾ ಕುಡಿದೆ. ಆಮೇಲೆ ಕಟ್ಟಿದವರಿಗೆ ವರದಿ ಬರೆದೆ: ಏಳುತ್ತದೆ, ಧ್ವನಿ ಬರುತ್ತದೆ, ಆದರೆ ಟಿವಿ ಕಂಡರೆ ಅತ್ತ ಹೋಗುತ್ತದೆ, ದನಿ ಎಲ್ಲಿಗೆ ಕಳಿಸಲಿ ಎಂದು ಮೊದಲೇ ಕೇಳಿದರೆ ಒಳ್ಳೆಯದು. ಉಪ್ಪು ತುಸು ಕಡಿಮೆ, ಅಷ್ಟೇ. ಕಾಕಿಯ ಕಾಲಮ್ಮಿನಲ್ಲಿ ಆ ಭಾನುವಾರ ಗೀಟು ಬೀಳಲಿಲ್ಲ, ಆಮೇಲೂ ಬೀಳಲಿಲ್ಲ. ತಿಂಗಳು ಮುಗಿದಾಗ ಡಾಕ್ಟರು ಮತ್ತೆ ಬೆಳಕು ಬಿಟ್ಟು ನೋಡಿ, ಬಾವು ಇಳಿದಿದೆ, ಆಪರೇಷನ್ ಬೇಡ, ಮೆಲ್ಲಗೆ ಮಾತಾಡಬಹುದು ಎಂದರು. ಖಾಲಿ ಕಾಲಮ್ಮೂ ಕಣ್ಣಿಗೆ ಇಷ್ಟು ಹಿತವಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಆದರೆ ನನಗೆ ನೆನಪುಳಿಯುವುದು ಆ ಭಾನುವಾರದ್ದೇ. ಜನ ಸೇರಿ, ಮೋಟಾರು ಹಾಕುವ ಮುನ್ನ, ಕಾಕಿ ಬಹಳ ಹೊತ್ತು ಸ್ಪೀಕರನ್ನೇ ನೋಡುತ್ತ ನಿಂತಿದ್ದಳು. ಮಾತು ಬಂದ್ ಆದ ಮೇಲೆ ಆ ದನಿಯನ್ನು ಅವಳು ಹೊರಗಿನವಳಂತೆ ಕೇಳಿದ್ದು ಅದೇ ಮೊದಲು. ಪಾಟಿ ತೆಗೆದುಕೊಂಡು, "ನಾ ಇಷ್ಟ ಜೋರ ಒದರತೇನೇನ?" ಎಂದು ಬರೆದು ಕಾಕಾನ ಮುಂದೆ ಹಿಡಿದಳು. ಕಾಕಾ ಓದಿದ. ಯೋಚಿಸಿದ. ಕೈ ಚಾಚಿ ಮೊದಲು ಮೋಟಾರಿನ ಸ್ವಿಚ್ ಹಾಕಿದ. ಗಿರಣಿ ಗಡಗಡ ಸದ್ದು ಮಾಡತೊಡಗಿದ ಮೇಲೆ, ಯಾರಿಗೂ ಕೇಳಿಸದಂತೆ, ಧೈರ್ಯವಾಗಿ "ಹೂಂ" ಎಂದ.