ಬಾಯಿಪಾಠದ ಬೋರ್ಡು

ಎರಡನೇ ಕಣ್ಣಿನ ಆಪರೇಷನ್ನಿಗೆ ಬರುವ ಪೇಷಂಟುಗಳು ಇವತ್ತಿಗೂ ನನ್ನನ್ನು ಕೇಳುವುದು ಒಂದೇ. "ಅಕ್ಕೋರ, ಕೈ ಹಿಡಿಯಾಕಿ ಎಲ್ಲಿ ಅದಾಳ್ರೀ?" ಡಾಕ್ಟರು ಹೇಗಿದ್ದಾರೆಂದು ಯಾರೂ ಕೇಳುವುದಿಲ್ಲ. ಹೊಸ ಮಷಿನ್ ಬಂದಿದೆ, ಅದನ್ನೂ ಕೇಳುವುದಿಲ್ಲ. ಕೆಲಸ ಬಿಟ್ಟಳು ಎಂದಷ್ಟೇ ಹೇಳುತ್ತೇನೆ. ಯಾಕೆ ಬಿಟ್ಟಳು ಎಂದು ಹೇಳಲು ಬಾಯಿ ಬರುವುದಿಲ್ಲ. ಅದರಲ್ಲಿ ನನ್ನ ಪಾಲೂ ಇದೆ.

ಸಿಂಧನೂರಿನ ಈ ಸಣ್ಣ ಕಣ್ಣಿನ ಆಸ್ಪತ್ರೆಯಲ್ಲಿ ನಾನು ದೃಷ್ಟಿ ನೋಡುವವಳು. ಗೋಡೆಯ ಮೇಲೆ ಕನ್ನಡ ಅಕ್ಷರದ ಬೋರ್ಡು, ದೂರದಲ್ಲೊಂದು ಕುರ್ಚಿ. ಒಂದು ಕಣ್ಣು ಮುಚ್ಚಿಸಿ ಇನ್ನೊಂದರಲ್ಲಿ ಓದಿಸುವುದು ನನ್ನ ಕೆಲಸ. ಅವಳು ಆಯಾ. ಸಾಲಗುಂದದಿಂದ ಬೆಳಗಿನ ಬಸ್ಸಿಗೆ ಬಂದು, ನೆಲ ಒರೆಸಿ, ನನ್ನ ಕೋಣೆಯ ಬೆಂಚಿನಲ್ಲಿ ಕೂತವರಿಗೆ ಹತ್ತು ಹತ್ತು ನಿಮಿಷಕ್ಕೆ ಡ್ರಾಪ್ಸ್ ಹಾಕುತ್ತಿದ್ದಳು. ಹಾಕಿ ಸುಮ್ಮನಿರುವ ಜಾತಿಯಲ್ಲ. ಬಳಗಾನೂರಿನ ಅಜ್ಜನಿಗೆ "ಕಣ್ಣು ತೆರೀಬ್ಯಾಡ್ರಿ ಯಪ್ಪಾ", ಪಕ್ಕದ ಮುಸ್ಲಿಂ ಅಜ್ಜಿಗೆ "ಆಂಖ್ ಬಂದ್ ಕರೋ ಮಾ", ಕಾಲುವೆ ಕಡೆಯ ತೆಲುಗಿನವಳಿಗೆ "ಕಳ್ಳು ಮೂಸುಕೋಮ್ಮಾ". ಬೆಂಚು ಪೂರ್ತಿ ಅವಳ ಮಾತಿಗೆ ಕಣ್ಣು ಮುಚ್ಚಿ ಕೂತಿರುತ್ತಿತ್ತು.

ಪೊರೆ ತೆಗೆಯುವಾಗ ಕಣ್ಣಿಗಷ್ಟೇ ಜೋಮು. ಮನುಷ್ಯ ಎಚ್ಚರವಾಗಿರುತ್ತಾನೆ, ಮುಖದ ಮೇಲೆ ಹಸಿರು ಬಟ್ಟೆ, ಸುತ್ತ ಕತ್ತರಿ ಚಿಮ್ಮಟಗಳ ಸದ್ದು. ಎಂಥ ಮೀಸೆಯವನ ಕೈಯೂ ಆಗ ತಡಕಾಡುತ್ತದೆ. ಆ ಕೈಯನ್ನು ಹಿಡಿದು ನಿಲ್ಲುತ್ತಿದ್ದವಳು ಅವಳು. ಯಾವ ಆರ್ಡರಿನಲ್ಲೂ ಈ ಕೆಲಸ ಬರೆದಿರಲಿಲ್ಲ. ಆದರೆ ಅವಳು ರಜೆ ಹಾಕಿದ ಒಂದು ದಿನ ಡಾಕ್ಟರು ಎರಡು ಆಪರೇಷನ್ ಮುಂದೂಡಿದ್ದನ್ನು ನಾನೇ ನೋಡಿದ್ದೇನೆ.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಕಾಣದಿದ್ದರೂ ಅಂದಾಜಿನ ಮೇಲೆ ಓದುವ ಪೇಷಂಟುಗಳನ್ನು ಕಂಡರೆ ಮೈ ಉರಿಯುತ್ತಿತ್ತು. "ಇದೇನು ಪರೀಕ್ಷೆಯೇನ್ರಿ, ಪಾಸಾಗಾಕ?" ಎಂದು ರೇಗುತ್ತಿದ್ದೆ. ಅವಳು ಬೆಂಚಿನ ಕಡೆಯಿಂದಲೇ, "ಬೈಬ್ಯಾಡ ತಂಗೀ. ಕಾಣಂಗಿಲ್ಲ ಅಂತ ಹೇಳಾಕ ಮಂದಿಗಿ ನಾಚಿಕಿ ಇರ್ತೈತಿ" ಎನ್ನುತ್ತಿದ್ದಳು. ಮಧ್ಯಾಹ್ನ ಅವಳ ಜೋಳದ ರೊಟ್ಟಿ, ನನ್ನ ಅನ್ನ ಹಂಚಿಕೊಂಡು ತಿನ್ನುವಾಗ ಹಳೆಯ ಚೀಟಿಗಳ ಹಿಂದೆ ಅ, ಆ ಬರೆದು ಅವಳ ಮುಂದೆ ಹಿಡಿಯುತ್ತಿದ್ದೆ. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಕಲಿಸಲೇಬೇಕೆಂದು ನನಗೆ ಹಟ. "ಮುದುಕಿ ಆದಮ್ಯಾಲ ಎಂಥಾ ಅಕ್ಷರ, ರೊಟ್ಟಿ ತಿನ್ನು" ಎಂದು ಅವಳು ತಪ್ಪಿಸಿಕೊಳ್ಳುತ್ತಿದ್ದಳು.

ಅಮಾವಾಸ್ಯೆಯ ದಿನ ನಮ್ಮ ಕಡೆ ಯಾರೂ ಆಪರೇಷನ್ ಮಾಡಿಸಿಕೊಳ್ಳುವುದಿಲ್ಲ. ಆಸ್ಪತ್ರೆ ಖಾಲಿ. ವರ್ಷಕ್ಕೊಂದು ಅಂಥ ಅಮಾವಾಸ್ಯೆಯಲ್ಲಿ ಸಿಬ್ಬಂದಿಯ ಕಣ್ಣು ನೋಡುವುದು ನಮ್ಮಲ್ಲಿನ ಪದ್ಧತಿ. ಅಕ್ಷರ ಬಾರದವರಿಗೆ ಬೇರೆ ಬೋರ್ಡಿದೆ. ಅದರಲ್ಲಿ ಮೂರು ಕಾಲಿನ ಗುರುತು ಇರುತ್ತದೆ, ಕಾಲು ಯಾವ ಕಡೆಗಿದೆ ಎಂದು ಕೈಯಿಂದ ತೋರಿಸಿದರೆ ಸಾಕು. ಒಂದು ವರ್ಷ ಅದನ್ನು ತೆಗೆಯಹೋದರೆ ಅವಳು ತಡೆದಳು. "ಅದು ಬ್ಯಾಡ. ಅಕ್ಷರದ್ದs ಇರ್ಲಿ." ಒಂದು ಕಣ್ಣು ಮುಚ್ಚಿ, ಮೇಲಿನ ದೊಡ್ಡ ಅಕ್ಷರದಿಂದ ಕೆಳಗಿನ ಸಾಸಿವೆಯಷ್ಟು ಅಕ್ಷರದವರೆಗೆ ಪಟಪಟನೆ ಹೇಳಿದಳು. ಇನ್ನೊಂದು ಕಣ್ಣಿನಲ್ಲೂ ಹಾಗೇ.

ನಾನು ಕುಣಿದುಬಿಟ್ಟೆ. "ಓದಾಕ ಕಲ್ತಾಳ! ನಾ ಕಲಿಸೀನಿ!" ಎಂದು ಕೌಂಟರಿನವರಿಗೆ, ಔಷಧಿ ಅಂಗಡಿಯವನಿಗೆ, ಡಾಕ್ಟರಿಗೆ ಸಾರಿದೆ. ಪೇಡೆ ತರಿಸಿದೆ. ಅವಳು ಏನೋ ಹೇಳಲು ಬಾಯಿ ತೆರೆದದ್ದು ನೆನಪಿದೆ. ಆ ಬಾಯಿಗೂ ಪೇಡೆ ತುರುಕಿದೆ. ಮರುವರ್ಷವೂ ಅಷ್ಟೇ ಚಂದ ಓದಿದಳು. ನಲವತ್ತು ದಾಟಿದವರಿಗೆ ಕಣ್ಣಿನ ಒತ್ತಡವನ್ನೂ ಅಳೆಯಬೇಕು. ಇಷ್ಟು ಚಂದ ಓದುವವಳಿಗೆ ಅದೆಲ್ಲ ಯಾಕೆಂದು ಎರಡೂ ವರ್ಷ ಬಿಟ್ಟೆ. ಎರಡೂ ಕಣ್ಣು ಸರಿ ಎಂದು ನನ್ನ ಕೈಯಾರೆ ಬರೆದೆ.

ಆಮೇಲೆ ಡ್ರಾಪ್ಸ್ ಕೆಲವೊಮ್ಮೆ ಪೇಷಂಟುಗಳ ಕೆನ್ನೆಯ ಮೇಲೆ ಬೀಳತೊಡಗಿತು. ಬಲಕ್ಕಿಟ್ಟ ಚಹಾ ಎರಡು ಸಲ ಚೆಲ್ಲಿದಳು. "ಧ್ಯಾನ ಎಲ್ಲಿ ಐತಿ ನಿಂದು?" ಎಂದು ನಾನೇ ಬೈದೆ. ದೀಪದ ಬುಡದಲ್ಲೇ ಕತ್ತಲು ಎಂಬ ಗಾದೆಯನ್ನು ನಮ್ಮ ಆಸ್ಪತ್ರೆ ನೋಡಿಯೇ ಮಾಡಿರಬೇಕು.

ಮಸ್ಕಿಯ ಶಾಲೆಯೊಂದರಲ್ಲಿ ಕಣ್ಣಿನ ಶಿಬಿರವಿತ್ತು. ನಮ್ಮ ಬೋರ್ಡಿನ ಹಾಳೆ ಹರಿದಿತ್ತು, ಬೇರೆ ಕಡೆಯಿಂದ ಒಂದನ್ನು ತಂದಿದ್ದೆವು. ಸಂತೆಕಲ್ಲೂರಿನಿಂದ ಆಟೋದಲ್ಲಿ ಬಂದ ಹೆಂಗಸರು ಎಲ್ಲರ ಎದುರು ಓದಲು ನಾಚಿ, ಸೆರಗು ಬಾಯಿಗಿಟ್ಟು ಕೂತರು. ಇಂಥ ಕಡೆ ಅವಳೇ ಮೊದಲು ಓದಿ ತೋರಿಸಿ ನಾಚಿಕೆ ಬಿಡಿಸುವುದು ರೂಢಿ. "ನೋಡ್ರಿ, ನಾನೂ ಸಾಲಿ ಕಲ್ತಾಕಿ ಅಲ್ಲ" ಎಂದು ಎದ್ದಳು. ಎಡಗಣ್ಣು ಮುಚ್ಚಿದಳು. ಪಟಪಟನೆ ಶುರುವಾಯಿತು.

ಸಾಲಿನಲ್ಲಿದ್ದ ರಿಟೈರ್ಡ್ ಮಾಸ್ತರರೊಬ್ಬರು ಕೈಯೆತ್ತಿದರು. "ಅಕ್ಕೋರ, ಈಕಿ ಹೇಳಾಕತ್ತಿದ್ದು ಒಂದೂ ಆ ಬೋರ್ಡಿನ್ಯಾಗ ಇಲ್ಲಲ್ರೀ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಇಷ್ಟು ವರ್ಷ ನನ್ನ ಕೋಣೆಯಲ್ಲಿ ಕೇಳಿ ಕೇಳಿ ಹಳೆಯ ಬೋರ್ಡನ್ನು ಬಾಯಿಪಾಠ ಮಾಡಿದ್ದಾಳೆ ಎಂದು ಆಗ ತಿಳಿಯಿತು. ಆದರೆ ಅವಳು ಇನ್ನೂ ಎಡಗಣ್ಣು ಮುಚ್ಚಿಕೊಂಡೇ ಕುರ್ಚಿಗಾಗಿ ಗಾಳಿಯಲ್ಲಿ ಕೈಯಾಡಿಸುತ್ತಿದ್ದಳು. ನನ್ನ ನಗು ಅಲ್ಲೇ ನಿಂತಿತು. ಹತ್ತಿರ ಹೋಗಿ ಮುಖದ ಮುಂದೆ ಎರಡು ಬೆರಳು ಹಿಡಿದೆ. "ಎಷ್ಟು ಬಳ್ಳು ಅದಾವ?"

"ಯಾ ಬಳ್ಳು?" ಎಂದಳು.

ಮರುದಿನ ಡಾಕ್ಟರು ನೋಡಿದರು. ಪೊರೆಯಾಗಿದ್ದರೆ ತೆಗೆಯಬಹುದಿತ್ತು. ಇದು ಒತ್ತಡ ಏರಿ ನರವೇ ಒಣಗಿದ್ದು. ಬಲಗಣ್ಣು ಪೂರ್ತಿ ಹೋಗಿದೆ, ಹೋದದ್ದು ಬರುವುದಿಲ್ಲ. ಎಡಗಣ್ಣಿನಲ್ಲಿ ಉಳಿದದ್ದನ್ನು ದಿನಾ ಡ್ರಾಪ್ಸ್ ಹಾಕಿ ಉಳಿಸಿಕೊಳ್ಳಬಹುದು. ಒಂದು ವರ್ಷ ಮೊದಲು ಗೊತ್ತಾಗಿದ್ದರೆ ಎಂದು ಅವರು ಮಾತು ನಿಲ್ಲಿಸಿದರು. ನನ್ನ ಕಡೆ ನೋಡಲಿಲ್ಲ.

ಅವಳು ಕೆಲಸ ಬಿಟ್ಟು ಲಿಂಗಸುಗೂರಿಗೆ ಹೋದಳು. ಮಗಳು ಅಲ್ಲಿನ ಆಫೀಸೊಂದರಲ್ಲಿ ನೌಕರಿಯಲ್ಲಿದ್ದಾಳೆ. ಈಗ ನನ್ನ ಕೋಣೆಯಲ್ಲಿ ತರಬೇತಿ ಪಡೆದ ಹುಡುಗಿ ಡ್ರಾಪ್ಸ್ ಹಾಕುತ್ತಾಳೆ, ಒಂದು ಹನಿಯೂ ಕೆನ್ನೆಗೆ ಬೀಳುವುದಿಲ್ಲ. ನಾನು ಯಾರಿಗಾದರೂ ರೇಗಿದರೆ ಬೆಂಚಿನ ಕಡೆಯಿಂದ ಯಾರೂ ತಡೆಯುವುದಿಲ್ಲ. ಅವಳು ಬೇಕು ನನಗೆ. ರೊಟ್ಟಿ ಹಂಚಿಕೊಳ್ಳಲು ಬೇಕು, ಬೈಬ್ಯಾಡ ಎನ್ನಲು ಬೇಕು.

ಹೋದ ವಾರ ಬಸ್ಸು ಹತ್ತಿ ಅವಳ ಹತ್ತಿರ ಹೋಗಿದ್ದೆ. ಹಗ್ಗದ ಹೊರಸಿನ ಮೇಲೆ ಒತ್ತೊತ್ತಿ ಕೂತೆವು. ಬಹಳ ದಿನದಿಂದ ಗಂಟಲಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ. "ಮಬ್ಬು ಆಗಾಕತ್ತೈತಿ ಅಂತ ನನಗರ ಯಾಕ ಹೇಳಲಿಲ್ಲಕ್ಕಾ? ನೌಕರಿ ಹೋಗ್ತೈತಿ ಅಂತ ಅಂಜಿದ್ದೇನು?"

"ನೌಕರಿ ಏನು ಬಿಡು" ಎಂದಳು. "ಮೊದಲ್ನೇ ವರ್ಷ ಕಣ್ಣು ಚಂದs ಇತ್ತು, ಸುಮ್ಮ ಚ್ಯಾಷ್ಟಿಗಿ ಬಾಯಿಪಾಠ ಹೇಳಿದ್ದೆ. ನೀ ಖರೇನ ಅಂದ್ಕೊಂಡು ಊರಿಗೆಲ್ಲ ಪೇಡೆ ಹಂಚಿದಿ. ಮರುವರ್ಷ ಖರೇನ ಕಾಣವಲ್ದಾತು. ಹೇಳಿದ್ರ ಮೊದಲಿಂದೂ ಸುಳ್ಳಂತ ಗೊತ್ತಾಗಿ ನಿನ್ನ ಮಾರಿ ಸಣ್ಣದಾಗ್ತಿತ್ತು, ತಂಗೀ. ಅದನ್ನ ನೋಡಾಕ ನನ್ನ ಕೈಲಿ ಆಗ್ತಿದ್ದಿಲ್ಲ."

ನಾನು ಅವಳ ಬಲಕ್ಕೆ ಕೂತಿದ್ದೆ. ನನ್ನ ಮುಖ ಎಷ್ಟು ಸಣ್ಣದಾಯಿತೆಂದು ಅವಳಿಗೆ ಕಾಣಲಿಲ್ಲ.