ಗಾಳಿ ಹೋಗುವುದು, ಗಾಳಿ ಬಿಡುವುದು

ನನ್ನ ಹೆಂಡತಿ ತನ್ನ ಅಕ್ಕನ ಮುಖ ನೋಡಿ ವರ್ಷಗಳೇ ಆಗಿದ್ದವು. ಅಕ್ಕ ಇರುವುದು ಪರದೇಶದಲ್ಲಲ್ಲ, ಚನ್ನರಾಯಪಟ್ಟಣದಲ್ಲಿ. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ತಿಂಡಿ ತಿಂದು ಹೊರಟರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು. ಆದರೆ ಇವಳ ಎರಡು ಮೊಣಕಾಲೂ ಪೂರ್ತಿ ಮಡಚುವುದಿಲ್ಲ. ದಾರಿಯಲ್ಲಿ ಕುಕ್ಕರಗಾಲಲ್ಲಿ ಕೂರುವ ಕಕ್ಕಸಿನೊಳಗೆ ಹೋದರೆ ಏಳಲಾಗುವುದಿಲ್ಲ. ಕಮೋಡ್ ಇರುವ ಕಡೆ ಬೀಗ ಹಾಕಿರುತ್ತಾರೆ, ಇಲ್ಲವೇ ನೀರಿರುವುದಿಲ್ಲ. ಒಮ್ಮೆ ದಾರಿಯುದ್ದಕ್ಕೂ ತಡೆದುಕೊಂಡು ಹೋಗಿ, ಅಕ್ಕನ ಮನೆಯಲ್ಲಿ ಜ್ವರ ಬಂದು ಮಲಗಿದಳು. ಆಮೇಲೆ ಹೊರಡುವ ಮಾತು ಬಂದಾಗಲೆಲ್ಲ ಒಂದೇ ಉತ್ತರ: "ಇರಲಿ ಬಿಡಿ, ಮುಂದಿನ ಸಲ ಹೋದ್ರಾಯ್ತು." ಅಕ್ಕನಿಗೂ ವಯಸ್ಸಾಗಿದೆ, ಬಸ್ಸು ಹತ್ತುವ ಶಕ್ತಿ ಇಲ್ಲ. ಇಬ್ಬರೂ ಫೋನಿನಲ್ಲೇ ಅಕ್ಕತಂಗಿಯರಾಗಿ ಉಳಿದಿದ್ದರು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಲಾರಿ ಬಾಡಿ ಕಟ್ಟುವ ಕಡೆ ವೆಲ್ಡಿಂಗ್ ಕಲಿತೆ, ಆಮೇಲೆ ಸ್ವಂತ ಶೆಡ್ಡು ಹಾಕಿದೆ. ನನ್ನ ಕೈಯಲ್ಲಿ ಆಗುವ ಕೆಲಸಕ್ಕೆ ಇನ್ನೊಬ್ಬರನ್ನು ಕರೆದ ಅಭ್ಯಾಸ ನನಗಿಲ್ಲ. ಹಾಗಾಗಿ ಇವಳ ಸಮಸ್ಯೆಗೆ ನಾನೇ ಒಂದು ಕ್ಯಾರವಾನ್ ಕಟ್ಟಿದೆ. ಬೆಂಗಳೂರಿನಲ್ಲಿ ಕ್ಯಾರವಾನ್ ಎಂದರೆ ಸಿನಿಮಾ ನಟರದ್ದು ಎಂದೇ ಜನ ತಿಳಿದಿದ್ದಾರೆ. ನನ್ನದು ಕಾರಿನ ಹಿಂದೆ ಕಟ್ಟಿ ಎಳೆಯುವ ಎರಡು ಚಕ್ರದ ಸಣ್ಣ ಗಾಡಿ. ಒಳಗೊಂದು ಮಂಚ, ಒಂದು ಒಲೆ, ಮೂಲೆಯಲ್ಲಿ ಬಾಗಿಲು ಹಾಕಿಕೊಳ್ಳುವಂಥ ಕಮೋಡ್. ಅದರ ಎತ್ತರವನ್ನು ಅಳತೆ ಟೇಪಿನಲ್ಲಿ ಗುರುತಿಸಲಿಲ್ಲ. ಅವಳನ್ನು ಕೂರಿಸಿ, ಎಬ್ಬಿಸಿ, ಮತ್ತೆ ಕೂರಿಸಿ ನೋಡಿದೆ. "ಸಾಕು ರೀ, ಶೆಡ್ಡಲ್ಲಿ ಎಲ್ಲ ನೋಡ್ತಿದಾರೆ" ಎಂದು ಅವಳು ನಾಚಿಕೊಂಡ ಮೇಲೇ ವೆಲ್ಡಿಂಗ್ ಮಾಡಿದ್ದು.

ಎಳೆಯಲು ಒಂದು ಹಳೆಯ ವಿದೇಶಿ ಕಾರು ಕೊಂಡಿದ್ದೆ. ಅದರ ಹಿಂದಿನ ಚಕ್ರಗಳ ಮೇಲೆ ಕಬ್ಬಿಣದ ಸ್ಪ್ರಿಂಗ್ ಇಲ್ಲ, ಗಾಳಿ ತುಂಬಿದ ರಬ್ಬರಿನ ಚೀಲಗಳಿವೆ. ಭಾರ ಬಿದ್ದರೆ ಕಂಪ್ರೆಸರ್ ಗಾಳಿ ತುಂಬಿ ಕಾರನ್ನು ಎತ್ತುತ್ತದೆ. ಭಾರ ಇಳಿದರೆ ಕಾರು ತಾನಾಗಿಯೇ ಗಾಳಿ ಬಿಟ್ಟು ತಗ್ಗುತ್ತದೆ. ಕ್ಯಾರವಾನ್ ಎಳೆಯಲು ಇದಕ್ಕಿಂತ ಒಳ್ಳೆಯದಿಲ್ಲ ಎಂದು ಶೆಡ್ಡಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ.

ಹೊರಟ ಬೆಳಿಗ್ಗೆ ಓಕಳಿಪುರಂ ಅಂಡರ್‌ಪಾಸ್ ದಾಟಿ ಮಲ್ಲೇಶ್ವರಕ್ಕೆ ಬರುವಷ್ಟರಲ್ಲಿ ಸ್ಟೇರಿಂಗು ಕೈಗೆ ತೀರಾ ಹಗುರವಾಯಿತು. ಕನ್ನಡಿಯಲ್ಲಿ ನೋಡಿದರೆ ಕ್ಯಾರವಾನು ಕಾರಿನ ಕಡೆಗೆ ಮೂತಿ ಬಗ್ಗಿಸಿ ಬರುತ್ತಿದೆ. ಒಂದು ಕ್ರಾಸಿಗೆ ತಿರುಗಿಸಿ ಹೊಂಗೆ ಮರದ ಕೆಳಗೆ ನಿಲ್ಲಿಸಿದೆ. ಕಾರಿನ ಹಿಂದಿನ ಎಡಮೂಲೆ ಟೈರಿನ ಮೇಲೆ ಕೂತುಬಿಟ್ಟಿತ್ತು.

ಹಾಗೇ ಹೋಗುವಂತಿರಲಿಲ್ಲ. ಕಾರಿನ ಹಿಂಭಾಗ ಕುಸಿದರೆ ಮುಂದಿನ ಚಕ್ರಗಳ ಹಿಡಿತ ಹೋಗುತ್ತದೆ. ಹೆದ್ದಾರಿಯಲ್ಲಿ ಕ್ಯಾರವಾನು ಅತ್ತಿತ್ತ ಬಾಲ ಆಡಿಸತೊಡಗಿದರೆ ಕಾರನ್ನೇ ಎತ್ತಿ ಹಾಕುತ್ತದೆ.

ಕ್ಯಾರವಾನನ್ನು ಬಿಡಿಸಿ, ಕಾರನ್ನು ಜಾಕಿನ ಮೇಲೆ ಎತ್ತಿ, ಭದ್ರವಾಗಿ ಸ್ಟ್ಯಾಂಡ್ ಕೊಟ್ಟೆ. ಚೀಲ ಹರಿದಿರಬೇಕು ಎಂದು ಸೋಪಿನ ನೀರು ಸವರಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಪೈಪಿನ ಜಾಯಿಂಟಿಗೂ ಸವರಿದೆ, ಅಲ್ಲೂ ಇಲ್ಲ. ಕಂಪ್ರೆಸರ್ ಸದ್ದೇ ಮಾಡುತ್ತಿರಲಿಲ್ಲ. ಅದೇ ಸತ್ತಿದೆ ಎಂದುಕೊಂಡು ಬ್ಯಾಟರಿಯಿಂದ ನೇರವಾಗಿ ವೈರ್ ಕೊಟ್ಟರೆ ಗುರ್ರೆಂದು ಓಡಿತು. ಫ್ಯೂಸೂ ಸರಿಯಿತ್ತು. ಚೀಲ ಸರಿ, ಪೈಪು ಸರಿ, ಕಂಪ್ರೆಸರ್ ಸರಿ, ಕಾರು ಮಾತ್ರ ಕೂತಿದೆ.

ವಾಕಿಂಗ್ ಬಂದಿದ್ದ ಒಬ್ಬರು ಕ್ಯಾರವಾನಿನ ಕಿಟಕಿಯೊಳಗೆ ಇಣುಕಿದರು. "ಶೂಟಿಂಗಾ ಸಾರ್? ಹೀರೋಯಿನ್ ಯಾರು?"

ನನಗೆ ಸಿಟ್ಟು ಬಂತು. ಮುಂದಿನ ಸೀಟಿನಲ್ಲಿದ್ದ ಇವಳು ಕಿಟಕಿ ಇಳಿಸಿದಳು. "ನಾನೇ ಕಣಪ್ಪಾ. ಮೊಣಕಾಲು ನೋವು, ಡ್ಯಾನ್ಸ್ ಕ್ಯಾನ್ಸಲ್ ಆಗಿದೆ."

ಅವರು ನಗುತ್ತಾ ಹೋದರು. ಇವಳೂ ನಕ್ಕಳು. ನಗು ಮುಗಿದ ಮೇಲೆ ತೊಡೆಯ ಮೇಲಿದ್ದ ಬ್ಯಾಗಿನ ಜಿಪ್ ಎಳೆದುಕೊಂಡಳು.

"ಇರಲಿ ಬಿಡಿ. ಮುಂದಿನ ಸಲ ಹೋದ್ರಾಯ್ತು."

ಇಷ್ಟು ವರ್ಷ ಆ ಮಾತನ್ನು ಬರೀ ಮಾತೆಂದೇ ಕೇಳಿದ್ದೆ. ಬೀದಿಯಲ್ಲಿ ಗ್ರೀಸ್ ಕೈಯಲ್ಲಿ ನಿಂತಾಗ ಅದರ ಅರ್ಥ ತಿಳಿಯಿತು. ಇವತ್ತು ಕಾರು ತಿರುಗಿಸಿದರೆ ಇವಳು ಇನ್ನೊಂದು ಸಲ ಹೊರಡುವುದಿಲ್ಲ. ನನ್ನ ಮನಸ್ಸಿಗೆ ನೋವಾಗದಂತೆ "ಇಲ್ಲ" ಎನ್ನಲು ಅವಳು ಕಂಡುಕೊಂಡ ಮಾತು ಅದು.

"ಇನ್ನೊಂದು ಸಲ ನೋಡ್ತೀನಿ ತಾಳು" ಎಂದು ಕೀಲಿ ತಿರುಗಿಸಿದೆ. ಹಿಂದೆ ಬುಸ್ಸೆಂದಿತು. ಆಫ್ ಮಾಡಿದೆ.

"ನಿಂತೋಯ್ತು" ಎಂದಳು.

"ಏನು?"

"ಆ ಬುಸ್ ಅನ್ನೋದು. ನೀವು ಕೀ ತಿರುಗಿಸ್ದಾಗ ಬರುತ್ತೆ, ಆಫ್ ಮಾಡಿದ್ರೆ ನಿಲ್ಲುತ್ತೆ. ಆಗಿಂದ ಕೇಳ್ತಿದೀನಿ."

"ಗಾಳಿ ಹೋಗ್ತಿದೆ ಕಣೇ, ಅದಕ್ಕೇ."

"ಹೋಗ್ತಿಲ್ಲ ರೀ, ಬಿಡ್ತಿದೆ. ಕುಕ್ಕರ್ ಗ್ಯಾಸ್ಕೆಟ್ ಸವೆದಿದ್ರೆ ಒಲೆ ಆರಿಸಿದ್ರೂ ಸೋರ್ತಾನೇ ಇರುತ್ತೆ. ಇದು ಹಾಗಲ್ಲ. ಯಾರೋ ವೆಯ್ಟ್ ಎತ್ತಿ ಬಿಡ್ತಿರೋ ಹಾಗಿದೆ."

ಹೋಗುವುದು ಬೇರೆ, ಬಿಡುವುದು ಬೇರೆ. ಎಷ್ಟೋ ವರ್ಷ ಲಾರಿಗಳ ನಡುವೆ ಕೆಲಸ ಮಾಡಿದ ನಾನು ಎರಡನ್ನೂ ಒಂದೇ ಎಂಬಂತೆ ಹೇಳುತ್ತಿದ್ದೆ. ಚೀಲದಲ್ಲಿ ತೂತಿದ್ದರೆ ಕೀಲಿ ಹಾಕಿದರೂ ತೆಗೆದರೂ ಸೋರುತ್ತಲೇ ಇರುತ್ತದೆ. ಕೀಲಿ ಹಾಕಿದಾಗ ಮಾತ್ರ ಗಾಳಿ ಹೊರಡುತ್ತಿದ್ದರೆ ಕಾರೇ ಬೇಕೆಂದು ಬಿಡುತ್ತಿದೆ. ಬಿಡುವುದು ಯಾವಾಗ? ಆ ಮೂಲೆ ಅತಿ ಎತ್ತರದಲ್ಲಿದೆ ಎಂದುಕೊಂಡಾಗ. ಎತ್ತರ ಅಳೆಯಲು ಚಕ್ರದ ಪಕ್ಕದಲ್ಲಿ ಬೆರಳುದ್ದದ ಒಂದು ಕಡ್ಡಿ ಇರುತ್ತದೆ. ಅದೇ ಸುಳ್ಳು ಹೇಳುತ್ತಿರಬೇಕು.

ಮತ್ತೆ ಮಲಗಿ ಒಳಗೆ ಕೈ ಹಾಕಿದೆ. ಬೆರಳಿಗೆ ಸಿಕ್ಕಿದ್ದು ಉಣ್ಣೆಯಂಥದ್ದು. ಟಾರ್ಚ್ ಬಿಟ್ಟು ನೋಡಿದರೆ ದಪ್ಪನೆಯ ಕರಿ ದಾರ, ಅದರ ತುದಿಗೊಂದು ಕವಡೆ. ಗಾಡಿಗೆ ದೃಷ್ಟಿಯಾಗಬಾರದೆಂದು ಕಟ್ಟುವ ದಾರ. ಅದನ್ನು ಆ ಕಡ್ಡಿಗೇ ಸುತ್ತಿ, ಇನ್ನೊಂದು ತುದಿಯನ್ನು ಚಕ್ರದ ತೋಳಿಗೆ ಬಿಗಿದಿದ್ದರು. ಗುಂಡಿಗಳಲ್ಲಿ ಚಕ್ರ ಎದ್ದು ಬಿದ್ದಾಗ ದಾರ ಎಳೆದು ಕಡ್ಡಿ ತನ್ನ ಗುಳಿಯಿಂದ ಕಿತ್ತು ಬಂದಿತ್ತು. ಆ ಕಡ್ಡಿ ಹಿಡಿದಿದ್ದ ಅಳತೆಯ ತೋಳು ಕೆಳಕ್ಕೆ ಜೋತು ಬಿದ್ದಿತ್ತು. ಕಾರು ಮೇಲೆದ್ದಾಗ ಅದು ಇರುವುದೂ ಹಾಗೆಯೇ, ಅದಕ್ಕೇ ಕಾರು ಗಾಳಿ ಬಿಡುತ್ತಿತ್ತು.

"ಇದನ್ನ ಯಾರು ಕಟ್ಟಿದ್ದು?" ಮಲಗಿದಲ್ಲಿಂದಲೇ ಕೂಗಿದೆ.

ಮೇಲೆ ಬ್ಯಾಗಿನ ಜಿಪ್ ಸರಸರನೆ ಎಳೆದ ಸದ್ದಾಯಿತು.

"ಕೇಳಿಸ್ತಾ?"

"ನಿಮ್ಮ ತಮ್ಮನ ಕೈಲಿ ಕಟ್ಟಿಸ್ದೆ. ಮುಂದೆ ಕಟ್ಟಿದ್ರೆ ನೀವು ಕಿತ್ತು ಬಿಸಾಕ್ತಿದ್ರಿ. ಅಣ್ಣನ ಕಣ್ಣಿಗೆ ಬೀಳ್ದೇ ಇರೋ ಕಡೆ ಕಟ್ಟಪ್ಪಾ ಅಂದೆ."

"ದೃಷ್ಟಿ ದಾರಾನ ಗಂಡನ ದೃಷ್ಟಿಗೇ ಬೀಳದ ಹಾಗೆ ಕಟ್ಟಿಸಿದೀಯಲ್ಲೇ!"

"ನಿಮ್ಮ ದೃಷ್ಟಿಯೇನು ಕಮ್ಮೀದಾ?"

ನನಗೆ ನಗು ಬಂತು, ಹಿಂದೆಯೇ ಹಳೆಯ ಮಾತೂ ನೆನಪಾಯಿತು. ನಾನು ಹಾಕಿದ ವೆಲ್ಡಿಂಗಿಗಿಂತ ದಾರ ಗಟ್ಟಿಯೇನೇ ಎಂದು ಮನೆಯಲ್ಲಿ ಎಷ್ಟೋ ಸಲ ಹಂಗಿಸಿದ್ದೆ. ಈ ಪ್ರಯಾಣ ನಾನು ಅವಳಿಗೆ ಕೊಡುತ್ತಿರುವ ಉಡುಗೊರೆ, ಅವಳು ಸುಮ್ಮನೆ ಹತ್ತಿ ಕೂತರೆ ಸಾಕು ಎಂದು ತಿಳಿದಿದ್ದೆ. ಆದರೆ ಕ್ಯಾರವಾನಿಗೆ ನಾನು ತಗಡು ಬಾಗಿಸುತ್ತಿದ್ದ ದಿನಗಳಲ್ಲಿ ಅವಳೂ ತನ್ನ ಕೈಲಾದ ಭದ್ರತೆ ಮಾಡುತ್ತಿದ್ದಳು. ಮೈದುನನನ್ನು ಗುಟ್ಟಾಗಿ ಒಪ್ಪಿಸಿ, ತನಗೆ ಬಗ್ಗಲಾಗದ ಜಾಗಕ್ಕೆ ಅವನನ್ನು ಬಗ್ಗಿಸಿದ್ದಳು. ಅಕ್ಕನನ್ನು ನೋಡುವ ಆಸೆ ಅವಳಿಗೆ ಅಷ್ಟಿತ್ತು. ಬಾಯಲ್ಲಿ ಮಾತ್ರ "ಇರಲಿ ಬಿಡಿ."

ದಾರವನ್ನು ಕತ್ತರಿಸಲಿಲ್ಲ, ಗಂಟು ಬಿಚ್ಚಿದೆ. ಕಡ್ಡಿಯನ್ನು ಗುಳಿಗೆ ಒತ್ತಿದೆ, ಟಕ್ಕೆಂದು ಕೂತಿತು. ಕಾರನ್ನು ಕೆಳಗಿಳಿಸಿ ಎಂಜಿನ್ ಶುರು ಮಾಡಿದೆ. ಕಂಪ್ರೆಸರ್ ತಾನಾಗಿಯೇ ಗುರ್ರೆಂದಿತು. ಎಡಮೂಲೆ ಮೆಲ್ಲಗೆ ಎದ್ದು ಬಲಮೂಲೆಯ ಸಮಕ್ಕೆ ನಿಂತಿತು. ಕ್ಯಾರವಾನನ್ನು ಮತ್ತೆ ಕಟ್ಟಿ, ಆ ಬೀದಿಯಲ್ಲೇ ಒಂದು ಸುತ್ತು ಹೊಡೆದು, ಇಳಿದು ನೋಡಿದೆ. ಮಟ್ಟವಾಗಿಯೇ ಇತ್ತು.

"ದಾರ ಕೊಡಿ, ಬ್ಯಾಗಲ್ಲಿ ಇಟ್ಕೋತೀನಿ" ಎಂದಳು.

"ಬ್ಯಾಗಿಗ್ಯಾಕೆ ದೃಷ್ಟಿಯಾಗುತ್ತೆ?" ಎಂದು ನಾನೇ ಅದನ್ನು ಮುಂದಿನ ಬಂಪರಿಗೆ, ಎಲ್ಲರಿಗೂ ಕಾಣುವ ಹಾಗೆ ಕಟ್ಟಿದೆ. ಅದರಲ್ಲಿ ನನಗೆ ಆಗಲೂ ನಂಬಿಕೆ ಇರಲಿಲ್ಲ. ಈಗಲೂ ಇಲ್ಲ.

ತುಮಕೂರು ರಸ್ತೆಗೆ ಬಂದ ಮೇಲೆ ಅವಳು ಅಕ್ಕನಿಗೆ ಫೋನ್ ಮಾಡಿದಳು. ಹೊರಟಿರುವ ವಿಷಯವನ್ನು ಅಲ್ಲಿಯವರೆಗೆ ಹೇಳಿಯೇ ಇರಲಿಲ್ಲವಂತೆ. ಸ್ಪೀಕರಿನಲ್ಲಿ ಅಕ್ಕನ ದನಿ ಕೇಳಿಸಿತು.

"ನೀನು ಬರಲ್ಲ ಬಿಡೇ. ಎಷ್ಟು ಸಲ ಹೀಗೇ ಹೇಳಿದೀಯ."

"ದಾರೀಲಿದೀನಿ ಕಣಕ್ಕಾ."

"ಮನೇಲಿ ಕೂತ್ಕೊಂಡು ದಾರೀಲಿದೀನಿ ಅಂತೀಯಾ?"

ಇವಳು ಕಿಟಕಿ ಪೂರ್ತಿ ಇಳಿಸಿ ಫೋನನ್ನು ಹೊರಗೆ ಹಿಡಿದಳು. ಲಾರಿಗಳ ಹಾರ್ನು, ಬಸ್ಸಿನ ಗದ್ದಲ, ಗಾಳಿಯ ರಭಸ ಎಲ್ಲ ಫೋನಿಗೆ ನುಗ್ಗಿದವು. ಕೈ ಒಳಗೆ ತೆಗೆದುಕೊಂಡು ಫೋನನ್ನು ಮತ್ತೆ ಮುಂದೆ ಹಿಡಿದಳು.

ಆಮೇಲೆ ಅಕ್ಕ ಒಳಗೆ ಯಾರಿಗೋ ಕೂಗಿ ಹೇಳಿದ್ದು ನನಗೂ ಕೇಳಿಸಿತು. "ಲೇ, ಇನ್ನೊಂದು ಪಾವು ಅಕ್ಕಿ ತೊಳೀರೇ!"