ಭಜಿ ತಿಂದ ಮರಿ

ಸಾವಿನ ಮನೆಗೆ ಮಾತನಾಡಿಸಲು ಬರುವವರು ತಮ್ಮ ಮಾತನ್ನು ಮನೆಯಲ್ಲೇ ಬಿಟ್ಟು ಬಂದರೆ ಎಷ್ಟು ಚೆನ್ನ. ಗಿಣಿಗೇರಾದ ನಮ್ಮ ಮನೆಗೆ ಬಂದವರೆಲ್ಲ ಮೊದಲು ನನ್ನನ್ನು ನೋಡಿ ಅತ್ತರು, ಆಮೇಲೆ ನನ್ನ ಮಡಿಲಲ್ಲಿದ್ದ ನಾಯಿಮರಿಯನ್ನು ನೋಡಿ ಮುಖ ಸಿಂಡರಿಸಿದರು.

ಅದು ಪಮೇರಿಯನ್ ಮರಿ. ತಾವು ಕಾರ್ಖಾನೆಯ ರಾತ್ರಿ ಪಾಳಿಗೆ ಹೋದಾಗ ನನಗೆ ಜೊತೆಯಿರಲೆಂದು ನನ್ನ ಗಂಡ ಗಂಗಾವತಿಯಿಂದ ತಂದಿದ್ದರು. ತಿಂಗಳು ತುಂಬುವುದರೊಳಗೆ, ಎದೆನೋವೆಂದು ಕುಳಿತವರು ಏಳಲಿಲ್ಲ.

"ನಾಯಿ ಬಂತು, ಮನಷ್ಯಾ ಹ್ವಾದ. ಇದರ ಕಾಲ್ಗುಣ ಛಲೋ ಇಲ್ಲವಾ. ಕೊಡು, ಹೈವೇದಾಗ ಬಿಟ್ಟು ಬರ್ತೀನಿ" ಎಂದರು ಬೇವೂರಿನ ಭಾವ, ನನ್ನ ಗಂಡನ ಅಣ್ಣ. ಅಷ್ಟು ದೊಡ್ಡ ಮೀಸೆ, ಅಂಗೈಯಷ್ಟು ಮರಿಗೆ ಹೆದರಿತ್ತು. ನಾನು ಕೊಡಲಿಲ್ಲ. ನನ್ನ ಗಂಡ ನನಗೆಂದು ತಂದ ಕೊನೆಯ ಜೀವ ಅದು.

ದಿನಕರ್ಮದಂದು ಮಾಳಿಗೆಯ ಮೇಲೆ ಎಡೆಯಿಟ್ಟು ಕಾಗೆಗಾಗಿ ಕಾದೆವು. ಅನ್ನ, ಹೋಳಿಗೆ, ಅವರು ಪಾಳಿ ಮುಗಿಸಿ ಬರುವಾಗ ತಪ್ಪದೆ ತಿನ್ನುತ್ತಿದ್ದ ಮಿರ್ಚಿ ಭಜಿ. ಕಾರ್ಖಾನೆಯ ಚಿಮಣಿಯ ಹೊಗೆ ಕುಡಿದು ಕಾಗೆಗಳಿಗೆ ಹಸಿವೆಯೇ ಸತ್ತಿತ್ತೋ ಏನೋ, ಒಂದೂ ಬರಲಿಲ್ಲ. ನನ್ನ ಸೆರಗಿನಿಂದ ಜಾರಿದ ಮರಿ ನೇರವಾಗಿ ಹೋಗಿ ಭಜಿಗೆ ಬಾಯಿ ಹಾಕಿತು. ಭಾವ ಕೋಲೆತ್ತಿದರು. ಕುಷ್ಟಗಿಯ ನಾದಿನಿ ಚೀರಿದಳು: "ಹೊಡೀಬ್ಯಾಡ್ರಿ! ಹೋಳಗಿ ಬಿಟ್ಟು ಭಜಿ ತಿಂದೈತಿ. ಅಣ್ಣನ ಬಂದಾನ!"

ಕೋಲು ಇಳಿಯಿತು. ಬೆಳಿಗ್ಗೆ ಶನಿಯಾಗಿದ್ದದ್ದು ಮಧ್ಯಾಹ್ನ ಮನೆಯ ಹಿರಿಯನಾಯಿತು.

"ಚಾ ಕುಡಸ್ರಿ, ಚಾ ಅಂದ್ರ ನಮ್ಮ ತಮ್ಮಗ ಜೀವ" ಎಂದು ಭಾವನೇ ಬಸಿಯಲ್ಲಿ ಸುರಿದರು. ನಾದಿನಿ ಹೋಳಿಗೆಗೆ ತುಪ್ಪ ಕಲಸಿ ತಿನ್ನಿಸಿದಳು, ಮೇಲೆ ಇನ್ನೊಂದು ಭಜಿ. ಅವರು ಬದುಕಿದ್ದಾಗ ಒಮ್ಮೆಯೂ ಊಟಕ್ಕೆ ಕರೆಯದವರಿಗೆ ಎಂಥ ಕಕ್ಕುಲಾತಿ! ಸಾಕು ಎಂದೆ.

"ಗಂಡನ್ನ ಉಪವಾಸ ಕೆಡವತೀ ಏನವಾ?" ಎಂದರು ಭಾವ.

ಮರುದಿನ ಮರಿ ಏಳಲಿಲ್ಲ. ವಾಂತಿ, ಭೇದಿ. "ಹೊಟ್ಟಿ ತುಂಬೇತಿ, ಮಲಗೇತಿ ಬಿಡ್ರಿ" ಎಂದಳು ನಾದಿನಿ. ನಾನು ಅದನ್ನು ನನ್ನ ಗಂಡನ ಟವೆಲಿನಲ್ಲಿ ಸುತ್ತಿಕೊಂಡು ಕೊಪ್ಪಳದ ಬಸ್ಸು ಹತ್ತಿದೆ. ಗಂಡ ಸತ್ತು ತಿಂಗಳಾಗದ ಹೆಂಗಸು ಹೊಸ್ತಿಲು ದಾಟಿದಳೆಂದು ಹಿಂದಿನಿಂದ ಕೂಗಿದರು. ಕೂಗಲಿ.

ದನದ ದವಾಖಾನೆಯ ಡಾಕ್ಟರು ಟವೆಲಿನ ಮೇಲಿನ ವಾಂತಿ ನೋಡಿ, ಸಲೈನ್ ಹಚ್ಚಿ ಕೇಳಿದರು, "ಯಾರ್ರೀ ಇದಕ್ಕ ಭಜಿ ಹಾಕಿದವ್ರು?"

"ನಮ್ಮ ಮಂದೀರಿ."

"ಎಷ್ಟ ತಿನಿಸಿದ್ರೂ ಇದು ಗಿಡ್ಡ ಜಾತೀನ. ಹೊಟ್ಟೀನೂ ಗಿಡ್ಡ. ಮೆತ್ತನ್ನ ಅನ್ನ, ಕುದಿಸಿದ ತತ್ತಿ, ದಿನಕ್ಕ ನಾಲ್ಕ ಸಲ ಚೂರು ಚೂರು ಕೊಡ್ರಿ. ಚಾ, ಖಾರ ಮುಟ್ಟಸಬ್ಯಾಡ್ರಿ."

ಮರಿ ಉಳಿಯಿತು. ಈಗ ಮೊಣಕಾಲೆತ್ತರ ಬರುವುದಿಲ್ಲ, ಇನ್ನು ಬೆಳೆಯುವುದೂ ಇಲ್ಲ. ಬಿಳಿ ಮೈ ಸಂಜೆಗೆ ಕಾರ್ಖಾನೆಯ ಬೂದಿಯಿಂದ ಕಪ್ಪಾಗುತ್ತದೆ. ಅದೇ ಟವೆಲು ಹಸಿ ಮಾಡಿ ಒರೆಸುತ್ತೇನೆ.

ಹೋದ ವಾರ ನಾದಿನಿ ಬಂದಿದ್ದಳು, ಪೇಪರಿನಲ್ಲಿ ಭಜಿ ಕಟ್ಟಿಸಿಕೊಂಡು. "ವೈನಿ, ಅಣ್ಣಗ ಬಿಸಿಬಿಸಿ ತಂದೀನಿ." ಮರಿ ಬಾಲವಾಡಿಸುತ್ತ ಓಡಿತು. ನಾನು ಪೊಟ್ಟಣ ಕಸಿದುಕೊಂಡು, ಹೊಸ್ತಿಲ ಮೇಲೆ ಕುಳಿತು, ಒಂದೊಂದಾಗಿ ಎಲ್ಲವನ್ನೂ ತಿಂದೆ.

"ಅಯ್ಯ, ಅವು ಅಣ್ಣಗ!"

"ನಿಮ್ಮಣ್ಣ ಬಂದ್ರ ಎದ್ದು ಮಾಡಿ ಕೊಡ್ತೀನಿ. ಇದು ನಾಯಿ ಐತಿ."

ಖಾರಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ನಾದಿನಿ ಸಮಾಧಾನ ಮಾಡಲು ಪಕ್ಕದಲ್ಲಿ ಕುಳಿತಳು. ಮರಿಯ ಮಧ್ಯಾಹ್ನದ ಅನ್ನ ತಿನ್ನುವ ಹದಕ್ಕೆ ಆರಿತ್ತು. ನಾನು ಎದ್ದು ಒಳಗೆ ಹೋದೆ.